ಹುಣಸೆವೀರನ ಕೊನೆಯ ಸಂಚಿಕೆ

ಸ್ನೇಹಿತರೇ, ‘ಹುಣಸೆವೀರ’ ಕಾಮಿಕ್ಸ್‌ನ ಕೊನೆಯ ಸಂಚಿಕೆಯನ್ನು ಇವತ್ತು ಬೆಳಿಗ್ಗೆ ದೇವನಹಳ್ಳಿಯಲ್ಲಿರುವ ಸುಮಾಳಿಗೆ ಕೊಟ್ಟು ಬಂದೆ. ಸುಮಾ ನನ್ನ ಗೆಳೆಯ ಮಂಜುವಿನ ಹೆಂಡತಿ. ನಲ್ಲೂರಿನ ಹುಣಸೆ ತೋಪಿನಲ್ಲಿ ಶಕ್ತಿ ಪಡೆದು ಆಕಾಶದಲ್ಲಿ ಹಾರುವ ಆ ವೀರನ ಕಥೆಗಳನ್ನು ನಾನು ಬರೆಯುತ್ತಿದ್ದೆ, ಚಿತ್ರಗಳನ್ನು ಮಂಜು ಬಿಡಿಸುತ್ತಿದ್ದ. ಕನ್ನಡಿ ನೋಡಿಕೊಂಡೇ ವೀರನಿಗೆ ಮುಖ ಕೊಟ್ಟಿದ್ದ. ಅವನದೇ ದಪ್ಪ ಹುಬ್ಬು, ಅವನದೇ ಚಪ್ಪಟೆ ಮೂಗು. ಕಳೆದ ವರ್ಷ ಮಂಜು ತೀರಿಕೊಂಡ. ನನಗೂ ಮುಂದೆ ಬರೆಯಲು ಮನಸ್ಸಾಗಲಿಲ್ಲ. ಪ್ರಕಾಶಕರು ಕಾಮಿಕ್ಸನ್ನು ಹೊಸ ತಂಡಕ್ಕೆ ಒಪ್ಪಿಸಿದರು. ಅವರು ಬೇಗನೆ ಮುಗಿಸಿಬಿಟ್ಟರು.

ಸುಮಾ ಹಾಳೆ ತಿರುವುತ್ತಾ, “ಅಣ್ಣ, ಇದ್ರಲ್ಲಿ ನಮ್ಮೋರೆಲ್ಲಿ?” ಅಂದಳು. ನಾನು ವೀರನನ್ನು ತೋರಿಸಿದೆ.

“ಇದ್ಯಾರೋ ಬೇರೆಯವ್ರು.”

“ಹೊಸಬ್ರು ಬಿಡಿಸಿರೋದು ಕಣಮ್ಮ, ಕೈ ಬೇರೆ ಅಲ್ವಾ?”

“ಕೈ ಬೇರೆ, ಸರಿ. ಮೂಗೂ ಬೇರೇನಾ?”

ಅವಳು ಕೊನೆಯ ಪುಟಕ್ಕೆ ಬಂದಳು. ಅಲ್ಲಿ ವೀರ ಸತ್ತು ಬಿದ್ದಿದ್ದ. ಅದನ್ನು ಕಂಡು ಅಳುತ್ತಾಳೇನೋ ಎಂದು ಹೆದರಿದ್ದೆ. ಅವಳು ಸುಮ್ಮನೆ ನೋಡಿ ಪುಸ್ತಕ ಮುಚ್ಚಿದಳು.

“ಸದ್ಯ, ಸತ್ತಿರೋದು ನಮ್ಮೋರಲ್ಲ ಬಿಡಿ” ಎಂದು ಕಾಫಿ ಮಾಡಲು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ವಾಪಸ್ ಬರುವಾಗ ಹೊಸ ಚಿತ್ರಕಾರ ಫೋನ್ ಮಾಡಿ, “ಮಂಜು ಸರ್ ಮನೆಯವ್ರು ಏನಂದ್ರು ಸರ್?” ಎಂದು ಕೇಳಿದ.

“ಮಂಜು ಥರ ಒಂಚೂರೂ ಇಲ್ಲ, ಸದ್ಯ ಅಂದ್ರು” ಎಂದೆ.

ಪಾಪ, ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಹೇಳಿದ.