ಮೊದಲು ಟವೆಲ್, ಆಮೇಲೆ ಬೆಕ್ಕು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿಬೆಕ್ಕುಗಳನ್ನು ಸಾಕುವ ಆಶ್ರಯಮನೆಯ ಹಿಂಬಾಗಿಲು ತೆರೆದು ಟವೆಲ್ ಅಕ್ಕ ಒಳಗೆ ಬರುತ್ತಾರೆ. "ಏಳ್ರಪ್ಪಾ, ಮಹಾರಾಜರ ನಿದ್ದೆ ಸಾಕು" ಎನ್ನುತ್ತಾ ಒಂದೊಂದು ಬುಟ್ಟಿಯಿಂದ ಒಂದೊಂದು ಬೆಕ್ಕನ್ನು ಎತ್ತಿ, ಅದು ಮಲಗಿದ್ದ ಟವೆಲ್ ತೆಗೆದು, ಬೇರೆಯದನ್ನು ಹಾಸುತ್ತಾರೆ. ಗುಡಿಸುವುದು, ಒರೆಸುವುದು, ಒಗೆಯುವುದು ಎಲ್ಲ ಅವರದೇ. ಆದರೆ ಕೆಲವು ಟವೆಲ್‌ಗಳನ್ನು ಮಾತ್ರ ಒಗೆಯದೆ, ಕೂದಲಿನ ಸಮೇತ ಚೀಲಕ್ಕೆ ತುಂಬುತ್ತಾರೆ. ಅವು ಹೋಗುವುದು ಸೀನುವವರ ಮನೆಗೆ.

ಇದರ ಹಿಂದೆ ಒಂದು ಸಂಕಟವಿದೆ. ಸಾಹೇಬ ಎಂಬ ಕೆಂಚು ಬೆಕ್ಕನ್ನು ಎರಡು ಮನೆಯವರು ಒಬ್ಬರಾದ ಮೇಲೊಬ್ಬರು ಮುದ್ದುಮಾಡಿ ಒಯ್ದರು. ವಾರ ಕಳೆಯುವಷ್ಟರಲ್ಲಿ ಮೂಗು ಕೆಂಪಗೆ ಮಾಡಿಕೊಂಡು ವಾಪಸ್ ತಂದರು. "ಎರಡನೇ ಸಲ ಬಂದಾಗ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಅನ್ನ ಮುಟ್ಟಲಿಲ್ಲ. ನನ್ನ ಕರುಳು ಚುರ್ ಅಂತು" ಎನ್ನುತ್ತಾರೆ ಅಕ್ಕ. ಅಂದಿನಿಂದ ಅಲರ್ಜಿ ಇರುವವರಿಗೆ ಒಂದೇ ನಿಯಮ: ಮೊದಲು ಟವೆಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿ, ಆಮೇಲೆ ಬೆಕ್ಕಿನ ಮಾತು. ಉಬ್ಬಸ ಇದ್ದವರಾದರೆ ಮೊದಲು ಡಾಕ್ಟರನ್ನೇ ಕೇಳಿಬರಬೇಕು.

"ಕೂದಲು ಕಮ್ಮಿ ಇರೋ ಬೆಕ್ಕು ಕೊಡಿ ಅಂತಾರೆ. ಅದೆಲ್ಲ ಲೆಕ್ಕಕ್ಕೆ ಬರಲ್ಲ. ಈ ಮೂಗಿಗೆ ಈ ಬೆಕ್ಕು ಆಗುತ್ತಾ, ಅಷ್ಟೇ ನೋಡ್ಬೇಕು" ಎನ್ನುವುದು ಅಕ್ಕನ ಮಾತು.

ಈ ಸಲ ಸಾಹೇಬನಿಗೆ ಮನಸೋತವರು ಪಕ್ಕದ ಬೀದಿಯ ದರ್ಜಿ. ಅವರದೂ ಸೀನುವ ಮೂಗೇ. ಟವೆಲ್ ಒಯ್ದವರು ಮೂರೇ ದಿನಕ್ಕೆ ಹೆಂಡತಿಯೊಂದಿಗೆ ಬುಟ್ಟಿ ಹಿಡಿದು ಹಾಜರ್. ಒಂದು ಸೀನೂ ಬರಲಿಲ್ಲವಂತೆ. ಅಕ್ಕ ಟವೆಲನ್ನು ಮೂಗಿಗೆ ಹಿಡಿಯುತ್ತಾರೆ. ಘಮಘಮ ಸೋಪಿನ ವಾಸನೆ.

"ಒಗೆದ್ರಾ?"

ದರ್ಜಿಯ ಹೆಂಡತಿ ಸೂರು ನೋಡುತ್ತಾರೆ. "ಬೆಕ್ಕು ಮಲಗಿದ್ದು... ಹಾಗೇ ಹಾಸಿಗೆಗೆ ಹಾಕೋಕೆ ಮನಸ್ಸು ಒಪ್ಪಲಿಲ್ಲ ಅಕ್ಕಾ. ಒಂಚೂರು ಒಗೆದೆ."

"ನಾನು ಇಸ್ತ್ರಿನೂ ಮಾಡಿದೆ" ಎಂದು ದರ್ಜಿ ಸೇರಿಸುತ್ತಾರೆ.

ಮೂವರೂ ಬಿದ್ದು ಬಿದ್ದು ನಗುತ್ತಾರೆ. ಆದರೂ ಅಕ್ಕ ಬುಟ್ಟಿಯನ್ನು ಖಾಲಿಯೇ ವಾಪಸ್ ಕೊಡುತ್ತಾರೆ. "ಅವನು ಮೂರನೇ ಸಲ ವಾಪಸ್ ಬಂದ್ರೆ ನಾನು ತಡ್ಕೊಳ್ಳಲ್ಲ" ಎಂದು ಕೂದಲು ತುಂಬಿದ ಇನ್ನೊಂದು ಟವೆಲ್ ಕೈಗಿಡುತ್ತಾರೆ.

ಈ ಸಲ ಮೊದಲ ರಾತ್ರಿ ಒಂದೆರಡು ಸೀನು ಬಂದದ್ದು ನಿಜ. ಆಮೇಲೆ ಇಲ್ಲ. ದರ್ಜಿ ದಿನವೂ ಬಂದು ಸಾಹೇಬನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಕಣ್ಣು ಕೆಂಪಾಗುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಆಗ ಬೆಕ್ಕನ್ನು ಒಯ್ಯಲು ಅಕ್ಕನ ಅಪ್ಪಣೆಯಾಗುತ್ತದೆ, ಷರತ್ತಿನ ಸಮೇತ: ಮಲಗುವ ಕೋಣೆಗೆ ಬೆಕ್ಕನ್ನು ಬಿಡಬಾರದು, ಮುಟ್ಟಿದ ಕೈ ತೊಳೆಯಬೇಕು, ನೆಲಕ್ಕೆ ದಿನಾ ಒದ್ದೆಬಟ್ಟೆ. ದರ್ಜಿಯ ಹೆಂಡತಿಯ ಕಡೆ ತಿರುಗಿ, "ನಿಮ್ಮ ಒಗೆಯೋ ಹುಚ್ಚನ್ನೆಲ್ಲ ಈಗ ತೋರಿಸಿ" ಎನ್ನುತ್ತಾರೆ. ಅವರ ಮುಖ ಊರಗಲವಾಗುತ್ತದೆ.

ನಿಮಗೇನು ಆಸೆ ಎಂದು ಕೇಳಿದರೆ ಅಕ್ಕನ ಉತ್ತರ ಸಿದ್ಧವಿದೆ. "ಇಲ್ಲಿಂದ ಹೋದ ಬೆಕ್ಕೆಲ್ಲ ನನ್ನ ಮರೀಬೇಕು." ಮೊನ್ನೆ ರವಿಕೆ ಹೊಲಿಸುವ ನೆಪದಲ್ಲಿ ದರ್ಜಿಯ ಮನೆಗೆ ಹೋಗಿ ಬಂದಿದ್ದಾರೆ. ಬಂದಾಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಅದೇ ಮಾತು, ಕಣ್ಣು ಒದ್ದೆ, ಬಾಯ್ತುಂಬ ನಗು.

"ಸಾಹೇಬ ನನ್ನ ಗುರುತೇ ಹಿಡೀಲಿಲ್ಲ ನೋಡಿ. ಯಾರೋ ಬಟ್ಟೆ ಹೊಲಿಸೋಕೆ ಬಂದಿದ್ದಾರೆ ಅಂತ ಬೆನ್ನು ತಿರುಗಿಸಿ ಮಲಗಿಬಿಟ್ಟ."