ಅತ್ತಿಗೆ ಕೆಟ್ಟವಳು, ನಾದಿನಿ ಒಳ್ಳೆಯವಳು

ಟೀವಿಗೆ ಇಪ್ಪತ್ತಾರು ಸಾವಿರ ಹೇಳಿದ್ದರು, ಇಪ್ಪತ್ತೊಂದೂವರೆಗೆ ತಂದೆ. ಗೋಡೆಗೆ ಹೊಡೆಯುವ ಸ್ಟ್ಯಾಂಡ್ ಪುಕ್ಕಟೆ. ಕುಸ್ತಿ ತೋರಿಸುವ ಆ್ಯಪಿಗೆ ಒಂದು ತಿಂಗಳ ಚಂದಾ ಬೇರೆ. ಅದರಲ್ಲಿ ಚೌಕಾಸಿ ನಡೆಯುವುದಿಲ್ಲ, ಎದುರಿಗೆ ಮನುಷ್ಯರೇ ಇಲ್ಲದಿದ್ದರೆ ಯಾರ ಹತ್ತಿರ ಅಂತ ಕೇಳುವುದು? ಇಷ್ಟೆಲ್ಲ ಖರ್ಚು ಮಾಡಿದ್ದು, ನನ್ನ ನಾದಿನಿ ಶನಿವಾರ ಸಂಜೆ ತೀರ್ಥಹಳ್ಳಿಯಿಂದ ಸಾಗರಕ್ಕೆ ಬಂದು, ಭಾನುವಾರ ಬೆಳಗ್ಗೆ ಐದೂವರೆಗೆ ನನ್ನ ಪಕ್ಕ ಕೂರಲಿ ಅಂತ.

ಕುಸ್ತಿ ಅಂದರೆ ಮಣ್ಣಿನ ಅಖಾಡದ್ದಲ್ಲ. ಅಮೆರಿಕದವರದ್ದು, ಚಡ್ಡಿ ಹಾಕಿಕೊಂಡು ಹಗ್ಗದ ಮೇಲಿಂದ ಹಾರುವುದು. ಅದರ ದೊಡ್ಡ ಷೋಗಳಿಗೆ ಅಲ್ಲಿನವರು ಒಂದೊಂದಕ್ಕೂ ಬೇರೆಯಾಗಿ ದುಡ್ಡು ಕಟ್ಟಿ ಮನೆಯಲ್ಲೇ ನೋಡುತ್ತಿದ್ದರಂತೆ. ನಮಗೆ ಕೇಬಲ್ಲಿನಲ್ಲೇ ಬರುತ್ತಿತ್ತು. ಈಗ ಷೋ ಅಲ್ಲಿ ಶನಿವಾರದ ಸಂಜೆ, ಇಲ್ಲಿ ಭಾನುವಾರದ ಬೆಳಗು.

ನಾನು ಮದುವೆಯಾಗಿ ಬಂದಾಗ ನಾದಿನಿ ಹೈಸ್ಕೂಲು. ಪರೀಕ್ಷೆಗೆ ಏಳದವಳು ಕುಸ್ತಿಗೆ ಅಲಾರಂ ಇಟ್ಟು ಏಳುತ್ತಿದ್ದಳು. ಒಂದು ದಿನ ಕಾಫಿ ಹಿಡಿದುಕೊಂಡು ನಾನೂ ಕೂತೆ.

"ಇವ್ರು ನಿಜವಾಗಿ ಹೊಡ್ಕೊಳ್ತಾರಾ?" ಅಂತ ಕೇಳಿದೆ.

"ಅತ್ತಿಗೆ, ಬೀಳೋದು ನಿಜ. ಜಗಳ ಸುಳ್ಳು."

ಆಮೇಲೆ ಒಂದು ಷೋವನ್ನೂ ನಾವು ಬಿಡಲಿಲ್ಲ. ಅವಳು ಯಾವತ್ತೂ ಒಳ್ಳೆಯವನ ಕಡೆ, ನಾನು ಕೆಟ್ಟವನ ಕಡೆ. "ನಿಮಗೆ ಇಂಥವ್ನೇ ಆಗ್ಬೇಕು" ಅಂತ ಹಂಗಿಸುತ್ತಿದ್ದಳು. ನಾನು ಅವನನ್ನು ಮೆಚ್ಚಿದ್ದಕ್ಕೆ ಕಾರಣ ಇತ್ತು. ಊರವರ ಬೈಗುಳವೆಲ್ಲ ತಾನು ತಿಂದು ಎದುರಿನವನನ್ನು ದೊಡ್ಡವನು ಮಾಡುತ್ತಾನಲ್ಲ, ಕಷ್ಟದ ಕೆಲಸ ಅವನದ್ದೇ.

ನಾನು ಚೀಲದಲ್ಲಿ ನೈಟಿ ತುಂಬಿಕೊಂಡು ಮನೆಮನೆ ತಿರುಗಿ ವ್ಯಾಪಾರ ಕಲಿತವಳು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸೀರೆ ಅಂಗಡಿ ಹಾಕಿದಾಗ ನಾದಿನಿ ಡಿಗ್ರಿ ಮುಗಿಸಿದ್ದಳು, ಬಂದು ಸೇರಿಕೊಂಡಳು. ಮೊದಲ ವರ್ಷವೇ ಒಬ್ಬ ಹೆಂಗಸು ಸಿಗಂದೂರಿಗೆ ಒಯ್ಯುವ ಸೀರೆಗೆ ಅರ್ಧ ಗಂಟೆ ರೇಟು ಎಳೆದಳು. ನಾನು ಬಿಗಿದುಕೊಂಡು ನಿಂತೆ. ನಾದಿನಿ ಮೆತ್ತಗೆ ಅಂದಳು, "ಅತ್ತಿಗೆ, ದೇವರಿಗೆ ಕೊಡೋ ಸೀರೆ. ಇನ್ನೂರು ಬಿಡಿ, ಪಾಪ."

ಅವಳ ಕಣ್ಣು ನೋಡಿದೆ. ಅರ್ಥವಾಯಿತು. "ನಿಂಗೆಂತ ಗೊತ್ತು ವ್ಯಾಪಾರ? ಬಿಡೋಕೆ ಇದೇನು ನಿನ್ನಪ್ಪನ ಮನೆ ದುಡ್ಡಾ?" ಅಂದೆ. ಇವಳು ತಲೆ ತಗ್ಗಿಸಿದಳು. ಆ ಹೆಂಗಸು, ನನ್ನ ಮನಸ್ಸು ಇನ್ನೂ ಕೆಡುವ ಮೊದಲು ಅಂತ, ನಾದಿನಿ ಹೇಳಿದ ರೇಟಿಗೆ ಎರಡು ಸೀರೆ ಕಟ್ಟಿಸಿಕೊಂಡು ಹೋದಳು. ನಾವು ಹಾಕಿಕೊಂಡಿದ್ದ ರೇಟೂ ಅದೇ. ಅವಳು ರಸ್ತೆ ದಾಟಿದ್ದೇ ತಡ, ನಾವಿಬ್ಬರೂ ಕೌಂಟರಿನ ಕೆಳಗೆ ಕೈಗೆ ಕೈ ತಟ್ಟಿಕೊಂಡೆವು.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ಅತ್ತಿಗೆ ನಾದಿನಿ ಜಗಳ ಅಂದರೆ ಅನುಮಾನ ಪಡುವವರು ಯಾರಿದ್ದಾರೆ? ಗಿರಾಕಿ ಅಜ್ಜಿಯೊಬ್ಬರು ಇವಳಿಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟು, "ಆ ರಾಕ್ಷಸಿಗೆ ಮುಟ್ಟೋಕೆ ಕೊಡ್ಬೇಡ" ಅಂದಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಇವಳು ಎರಡು ಮಿಡಿ ನನ್ನ ಮೊಸರನ್ನಕ್ಕೆ ಹಾಕಿ, "ತಿನ್ನಿ ರಾಕ್ಷಸಿ" ಅಂದಳು.

ಏಳು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಮದುವೆ ಜವಳಿಗೆ ಹೊಸನಗರದ ಕಡೆಯ ಒಂದು ಕುಟುಂಬ ಬಂದಿತ್ತು. ಸೀರೆ ಹರಡಿ ಮುಗಿದಿತ್ತು, ರೇಟಿನ ಮಾತು ಶುರುವಾಗಬೇಕು. ನಾದಿನಿ ಕೈಯಲ್ಲಿದ್ದ ಸೀರೆ ಬಿಟ್ಟು ನನ್ನ ಕಡೆ ತಿರುಗಿದಳು. "ಅತ್ತಿಗೆ, ಏಳು ವರ್ಷ ಆಯ್ತು. ಈ ಅಂಗಡಿಲಿ ನಂದು ಅಂತ ಎಂತ ಇದೆ?"

ಹೊಸ ಮಾತು. ಚೆನ್ನಾಗಿ ತೆಗೆದಳು ಅಂತಲೇ ಅಂದುಕೊಂಡೆ. ನಾನೂ ಒಂದು ಕೈ ಹೆಚ್ಚೇ ಹಾಕಿದೆ. "ಮೂರು ಹೊತ್ತು ತಿಂದಿದ್ದೀಯಲ್ಲ, ಅದೇ ನಿನ್ನ ಪಾಲು. ಸಾಲಲ್ಲ ಅಂದ್ರೆ ಬಾಗಿಲು ತೆಗೆದೇ ಇದೆ."

ಹೊಸನಗರದವರು ಮುಖ ಮುಖ ನೋಡಿಕೊಂಡರು. ಹನ್ನೊಂದು ಸೀರೆ, ಒಂದು ಮಾತು ಚೌಕಾಸಿ ಇಲ್ಲ. ಅವರು ಹೊರಟ ಮೇಲೆ ನಾನು ಕೌಂಟರಿನ ಕೆಳಗೆ ಕೈ ಚಾಚಿದೆ. ಚಾಚಿದ ಕೈ ಹಾಗೇ ಉಳಿಯಿತು. ಅವಳು ಹರಡಿದ್ದ ಸೀರೆಗಳನ್ನು ಒಂದೊಂದಾಗಿ ಮಡಿಸಿ, ಕಪಾಟಿಗೆ ಜೋಡಿಸಿ, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಮನೆಯಲ್ಲಿ ಕುಕ್ಕರ್ ಇಟ್ಟಿರುತ್ತಾಳೆ ಅಂದುಕೊಂಡು ನಾನು ಎಂಟು ಗಂಟೆಯವರೆಗೂ ವ್ಯಾಪಾರ ಮಾಡಿದೆ.

ಮನೆಗೆ ಬಂದರೆ ಗಂಡ ಒಬ್ಬರೇ ಕೂತಿದ್ದರು. "ತೀರ್ಥಹಳ್ಳಿಗೆ ಹೋದ್ಲು. ಫ್ರೆಂಡ್ ರೂಮಲ್ಲಿ ಇರ್ತಾಳಂತೆ" ಅಂದರು. ಆಮೇಲೆ ಕೇಳಿದರು, "ಅಂಗಡಿ ಬಾಡಿಗೆ ಕರಾರಿಗೆ ಅವಳ ಹೆಸರೂ ಸೇರಿಸು ಅಂತ ಮನೇಲಿ ಮೂರು ಸಲ ಕೇಳಿದ್ಲಲ್ಲ, ನೀನೆಂತ ಹೇಳಿದ್ದೆ?"

ಕೇಳಿದ್ದಳು. ಒಂದು ಸಲ ಸೀಸನ್ ಮುಗಿಯಲಿ ಅಂದಿದ್ದೆ. ಇನ್ನೊಂದು ಸಲ ಹಬ್ಬ ಕಳೆಯಲಿ ಅಂದಿದ್ದೆ. ಮೂರನೆಯ ಸಲ ತಮಾಷೆ ಮಾಡಿ ನಗಿಸಿ ಕಳಿಸಿದ್ದೆ.

ಮುಂದಿನ ವಾರ ತೀರ್ಥಹಳ್ಳಿಗೆ ಹೋದೆ. ಬೇರೆಯವರ ಸೀರೆ ಅಂಗಡಿಯಲ್ಲಿ ಸಂಬಳಕ್ಕೆ ಸೇರಿಕೊಂಡಿದ್ದಳು. ಚಹಾದ ಹೊತ್ತಿಗೆ ಹೊರಗೆ ಕರೆದು, ಅವತ್ತು ನಾಟಕ ಅಂದುಕೊಂಡೇ ಆ ಮಾತು ಆಡಿದೆ, ತಪ್ಪಾಯಿತು ಅಂದೆ. "ಬಾ, ಕಾಲು ಪಾಲು ನಿಂದು."

ಅವಳು ಚಹಾ ಊದಿಕೊಂಡು ಕುಡಿಯುತ್ತಿದ್ದಳು. ಗಿರಾಕಿ ಸುಮ್ಮನಿದ್ದರೆ ಏನು ಮಾಡಬೇಕು ಅಂತ ನನಗೆ ಗೊತ್ತಲ್ಲ, ಮೂರನೇ ಒಂದಕ್ಕೆ ಬಂದೆ. ಅವಳು ಇನ್ನೊಂದು ಗುಟುಕು ಕುಡಿದಳು. "ಸರಿ ಮಾರಾಯ್ತಿ, ಅರ್ಧ."

"ಅತ್ತಿಗೆ, ನೀವು ಮೊದಲು ಹೇಳೋ ರೇಟೂ ನಿಜ ಅಲ್ಲ, ಕೊನೆಗೆ ಹೇಳೋದೂ ನಿಜ ಅಲ್ಲ. ಹಾಗೆ ಹೇಳೋಕೆ ನಂಗೆ ಕಲಿಸಿದ್ದೇ ನೀವು."

ನನಗೆ ಅಳು ಬಂತು.

"ಅಳ್ಬೇಡಿ. ಗೌರಿ ಹಬ್ಬದ ಸ್ಟಾಕ್ ಖಾಲಿ ಮಾಡೋಕೆ ನೀವು ಅತ್ತಿದ್ದೂ ನೋಡಿದೀನಿ."

"ಅಷ್ಟು ಜನರ ಎದುರಿಗೆ ಯಾಕೆ ಕೇಳಿದೆ? ಅದಕ್ಕೇ ಅಲ್ವಾ ನಂಗೆ ಗೊತ್ತಾಗ್ಲಿಲ್ಲ."

"ಗಿರಾಕಿ ಇದ್ದಾಗ ಮಾತ್ರ ನೀವು ನನ್ನ ಮಾತಿಗೆ ಉತ್ತರ ಕೊಡ್ತಿದ್ರಿ. ಅದಕ್ಕೆ ಆಗ ಕೇಳಿದೆ" ಅಂದಳು. ಲೋಟ ಅಲ್ಲೇ ಕಟ್ಟೆ ಮೇಲಿಟ್ಟು ಒಳಗೆ ಹೋದಳು.

ವಾಪಸ್ ಬಂದವಳೇ ಬಾಡಿಗೆ ಕರಾರಿಗೆ ಅವಳ ಹೆಸರು ಸೇರಿಸಿ, ಅಂಗಡಿಯಲ್ಲಿ ಅರ್ಧ ಪಾಲು ಅಂತ ಬೇರೆ ಕರಾರು ಬರೆಸಿ, ಅವಳ ಸಹಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಸಹಿ ಇಲ್ಲದೆ ಹಿಂದಕ್ಕೆ ಬಂತು.

ಆಮೇಲೆ ಉಳಿದದ್ದು ಕುಸ್ತಿ ಒಂದೇ. ಈ ಸಲದ ದೊಡ್ಡ ಷೋದಲ್ಲಿ, ವರ್ಷಗಟ್ಟಲೆ ಜೋಡಿಯಾಗಿ ಆಡಿದ ಇಬ್ಬರು ಒಬ್ಬರ ಮೇಲೊಬ್ಬರು ಬೀಳುವುದೇ ಕೊನೆಯ ಪಂದ್ಯ. ಬರ್ತೀಯಾ ಅಂತ ಮೆಸೇಜು ಹಾಕಿದೆ. "ನೋಡ್ತೀನಿ" ಅಂತ ಬಂತು. ಆ ಒಂದು ಮಾತಿನ ಮೇಲೆ ನಾನು ಟೀವಿ ತಂದಿದ್ದು.

ಶನಿವಾರ ಬಸ್ಸುಗಳೆಲ್ಲ ಬಂದು ಹೋದವು. ಭಾನುವಾರ ಬೆಳಗ್ಗೆ ಒಬ್ಬಳೇ ಕೂತೆ. ಕೊನೆಯ ಪಂದ್ಯದಲ್ಲಿ ಕೆಟ್ಟವನು ಹಳೇ ಗೆಳೆಯನಿಗೆ ಹಿಂದಿನಿಂದ ಕುರ್ಚಿ ಬೀಸಿದ, ಜನ ಎದ್ದು ನಿಂತು ಬೈದರು. ಸ್ವಲ್ಪ ಹೊತ್ತಿಗೆ ಆ ಕೆಟ್ಟವನೇ ಹಗ್ಗದ ಮೇಲಿಂದ ಹಾರಿ, ಅಡ್ಡಾದಿಡ್ಡಿ ಬಿದ್ದು, ಅಲ್ಲೇ ಉಳಿದ. ಏಳಲಿಲ್ಲ. ಜನ ಬೈಯುತ್ತಲೇ ಇದ್ದರು. ನನಗೆ ತಡೆಯಲಾಗದೆ ಅವಳಿಗೆ ಫೋನ್ ಮಾಡಿದೆ.

ಮೊದಲ ರಿಂಗಿಗೇ ಎತ್ತಿದಳು. ಹಿಂದೆ ಅದೇ ಹಿಂದಿ ಕಾಮೆಂಟ್ರಿ. ಮೊಬೈಲಿನಲ್ಲಿ ನೋಡುತ್ತಿದ್ದಳು. ಅವಳದ್ದು ನನ್ನದಕ್ಕಿಂತ ನಾಲ್ಕು ಸೆಕೆಂಡ್ ಮುಂದಿತ್ತು.

"ನಿಜವಾಗಿ ಪೆಟ್ಟಾಯ್ತಾ ಅವನಿಗೆ?" ಅಂದೆ.

"ನಿಜ. ರೆಫ್ರಿ ತಲೆ ಮೇಲೆ ಎರಡೂ ಕೈ ಎಕ್ಸ್ ಥರ ಹಿಡೀತಿದ್ದಾನೆ ನೋಡಿ. ನಾಟಕ ಆಗಿದ್ರೆ ಹಾಗೆ ಮಾಡಲ್ಲ."

ಅವಳು ಹೇಳಿ ಮುಗಿಸುವ ಹೊತ್ತಿಗೆ ನನ್ನ ಟೀವಿಯಲ್ಲಿ ರೆಫ್ರಿ, ಡಾಕ್ಟರನ್ನು ಕರೆಯಲು, ಹಾಗೇ ಕೈ ಎತ್ತಿದ. ಸ್ಟ್ರೆಚರ್ ಬರುವವರೆಗೂ ನಾವಿಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಆಮೇಲೆ ನಾನು, "ಮನೆಗೆ ಬಾ ಮಾರಾಯ್ತಿ" ಅಂದೆ.

"ಅಣ್ಣನ್ನ ಕೇಳ್ದೆ ಅಂತ ಹೇಳಿ ಅತ್ತಿಗೆ" ಅಂದಳು. ಫೋನ್ ಇಟ್ಟುಬಿಟ್ಟಳು. ಅದಾದ ಮೇಲೆ ನಾನು ಮಾಡಿದ ಫೋನುಗಳಿಗೆ ಉತ್ತರವಿಲ್ಲ.

ಅಂಗಡಿಯನ್ನು ಈಗ ಒಬ್ಬಳೇ ನೋಡಿಕೊಳ್ಳುತ್ತೇನೆ. ರೇಟು ಒಂದೇ ಮಾತು, ಬೋರ್ಡು ಹಾಕಿದ್ದೇನೆ. ವ್ಯಾಪಾರ ಕಡಿಮೆಯಾಗಿದೆ, ಸುಳ್ಳು ಹೇಳುವುದಿಲ್ಲ.

ನೀವು ಮನೆಯವರನ್ನು ಸೇರಿಸಿಕೊಂಡು ಅಂಗಡಿಯನ್ನೋ ಹೋಟೆಲನ್ನೋ ನಡೆಸುವವರಾದರೆ ನನ್ನ ಮಾತು ಕೇಳಿ. ಗಿರಾಕಿ ಮುಂದೆ ಯಾರಾದರೊಬ್ಬರು ಕೆಟ್ಟವರಾಗಲೇಬೇಕು, ಆಗಿ, ತಪ್ಪಿಲ್ಲ. ಶಟರ್ ಎಳೆದ ಮೇಲೆ ಹತ್ತು ನಿಮಿಷ ಕೂತು, ಇವತ್ತು ಆಡಿದ್ದರಲ್ಲಿ ಯಾವುದು ಚುಚ್ಚಿತು ಅಂತ ಬಾಯಿ ಬಿಟ್ಟು ಕೇಳಿ. ಮನೆಯವರು ಪಾಲಿನ ಮಾತು ಎತ್ತಿದರೆ ಸೀಸನ್, ಹಬ್ಬ ಅನ್ನಬೇಡಿ, ಅವತ್ತೇ ಉತ್ತರ ಕೊಡಿ. ಕಡಿಮೆಯಿಂದ ಶುರು ಮಾಡಬೇಡಿ, ಕೊಡುವುದನ್ನೇ ಹೇಳಿ. ಅವರು ಕೇಳುವುದಕ್ಕೂ ಮೊದಲೇ ಪಾಲಿನ ಕರಾರು ಬರೆಸಿಟ್ಟರೆ ಇನ್ನೂ ಒಳ್ಳೆಯದು. ಎರಡು ಪ್ರತಿ ಮಾಡಿಸಿ, ಒಂದನ್ನು ಅವರ ಕೈಗೇ ಕೊಡಿ.