ಮೆಹರಕ್ಕನ ಕನ್ನಡಕ

ಶೆಟ್ಟಿಹಳ್ಳಿಯ ನಮ್ಮ ವಠಾರದಲ್ಲಿ ಪಕ್ಕದ ಮನೆ ಮೆಹರಕ್ಕನದು. ಒಂಟಿ ಜೀವ, ಹೊಲಿಗೆಯಿಂದಲೇ ಊಟ. ನಾನು ಅಡುಗೆ ಮಾಡುವಾಗ ನನ್ನ ಮಗಳು ಚಿನ್ಮಯಿ ಅವರ ಮಡಿಲಲ್ಲಿರುತ್ತಿದ್ದಳು. ಅಲ್ಲಿ ಕೂತು ಅವರ ಕನ್ನಡಕ ಕಿತ್ತೆಸೆಯುವುದೇ ಅವಳ ಆಟ. ಹಾಗೆ ಹಳೆಯ ಗಾಜು ಒಡೆದಾಗ ಕನ್ನಡಕದ ಅಂಗಡಿಯವನು, "ಹೊಲಿಯೋರಿಗೆ ಗಾಜೇ ಸರಿ, ಪ್ಲಾಸ್ಟಿಕ್‌ಗೆ ಗೀರು ಬೀಳುತ್ತೆ" ಅಂದ.

"ಚೂರು ಈ ರಾಕ್ಷಸಿ ಕಣ್ಣಿಗೆ ಹೋದ್ರೆ? ಪ್ಲಾಸ್ಟಿಕ್ಕೇ ಹಾಕಪ್ಪ" ಅಂದರು ಅಕ್ಕ.

ಬಟ್ಟೆಗೆ ಮಾರ್ಕು ಹಾಕುವ ಚಾಕ್‌ಪೀಸಿನ ಪುಡಿ ಕನ್ನಡಕಕ್ಕೆ ಮೆತ್ತಿದಾಗಲೆಲ್ಲ ಕೈಗೆ ಸಿಕ್ಕ ಬಟ್ಟೆಚೂರಿನಲ್ಲಿ ಒರೆಸುವುದು ಅವರ ಅಭ್ಯಾಸ. ವರ್ಷದೊಳಗೆ ಲೆನ್ಸ್ ಮಂಕಾಯಿತು. ಹೊಲಿಗೆ ಸೊಟ್ಟಗಾದಾಗ ನಾವಿಬ್ಬರೂ ಗೀರುಗಳನ್ನೇ ಬೈದೆವು. "ನಿನ್ ಮಗಳಿಗೆ ಬುದ್ಧಿ ಬರ್ಲಿ, ಗಾಜು ಹಾಕಿಸ್ತೀನಿ ಬಿಡೇ" ಅನ್ನುತ್ತಿದ್ದರು.

ಇವತ್ತು ಅಕ್ಕನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಗೀರಲ್ಲ, ಕಣ್ಣೊಳಗಿನ ನರವೇ ಒಣಗುತ್ತಿದೆಯಂತೆ. ಹೋದ ದೃಷ್ಟಿ ಯಾವ ಕನ್ನಡಕದಿಂದಲೂ ವಾಪಸು ಬರುವುದಿಲ್ಲವಂತೆ. ರಸ್ತೆಗೆ ಬಂದ ಮೇಲೆ ಅಕ್ಕ ನನ್ನ ಕೈ ಹಿಡಿದು, "ಒಂದ್ಸಲ ಗಾಜಿಂದು ಹಾಕಿ ನೋಡೋಣ್ವೇನೇ?" ಅಂದರು.

ದುಡ್ಡು ದಂಡ ಅಂತ ಇಬ್ಬರಿಗೂ ಗೊತ್ತಿತ್ತು. ಕನ್ನಡಕದ ಅಂಗಡಿಗೇ ಆಟೋ ಕರೆದೆ.